ಚಿಲಕ ಹಾಕಿದ ಹೆಂಗಸಿನ ಪಾತ್ರ

ಇದನ್ನು ಬರೆಯಬೇಕಾದವಳು ನಾನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಸೂರಪ್ಪ ಮೇಷ್ಟ್ರು ಬರೆದಿದ್ದರೆ ಇದಕ್ಕೊಂದು ತೂಕ ಬರುತ್ತಿತ್ತು. ದಾಕ್ಷಾಯಣಮ್ಮನೇ ಹೇಳಿದ್ದರೆ ಇನ್ನೂ ನಿಜವಾಗಿರುತ್ತಿತ್ತು. ಮೇಷ್ಟ್ರನ್ನು ಕೇಳಿದರೆ ನನಗೆ ಕೈ ನಡುಗುತ್ತದೆ ಎಂದರು. ದಾಕ್ಷಾಯಣಮ್ಮನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ನಾನು ಹಗಲು ಊದುಬತ್ತಿ ಕಾರ್ಖಾನೆಯಲ್ಲಿ ಕಟ್ಟು ಕಟ್ಟುವವಳು, ಸಂಜೆ ತರಗತಿಯಲ್ಲಿ ಕೂತು ನಾಲ್ಕಕ್ಷರ ಕಲಿತವಳು. ವಾಕ್ಯ ಮುಗಿಸಿದ ಮೇಲೂ ಅದು ಸರಿಯಾಯಿತೇ ಎಂದು ತಿರುಗಿ ನೋಡುವುದು ನನ್ನ ಅಭ್ಯಾಸ. ಇದರಲ್ಲಿ ಹೆಚ್ಚುಕಡಿಮೆ ಕಂಡರೆ ಓದುವವರು ಮನಸ್ಸಿನಲ್ಲೇ ತಿದ್ದಿಕೊಳ್ಳಬೇಕು.

ನಮ್ಮೂರಿನಲ್ಲಿ ತಕರಾರು ಬಂದರೆ ಚಾವಡಿಗೆ ಹೋಗುತ್ತಾರೆ. ಚಾವಡಿಯಲ್ಲಿ ಯಾರೂ ತಮ್ಮ ಮನೆಯ ಮಾತು ಆಡುವಂತಿಲ್ಲ. ಯಾರ ಹೊಸ್ತಿಲಿನ ತಕರಾರೋ ಅವರು ಒಂದು ಕಥೆ ತರಬೇಕು. ಆ ಕಥೆಯನ್ನು ಎಲ್ಲರೆದುರು ಓದುತ್ತಾರೆ. ಎದುರಿನವರು ಏನು ಕೇಳುವುದಿದ್ದರೂ ಆ ಕಥೆಯೊಳಗಿನಿಂದಲೇ ಕೇಳಬೇಕು. ಓದುವುದಕ್ಕೆ ಇಬ್ಬರಿರುತ್ತಾರೆ. ವಸ್ತು ನೋಡುವವರು ಕಥೆ ಯಾವುದರ ಬಗ್ಗೆ ಎಂದು ಹೇಳುತ್ತಾರೆ, ಪಾತ್ರ ನೋಡುವವರು ಅದರೊಳಗಿನ ಜನ ಎಂಥವರು, ಯಾಕೆ ಹಾಗೆ ಮಾಡಿದರು ಎಂದು ಹೇಳುತ್ತಾರೆ. ಕೊನೆಗೆ ಆ ಪಾತ್ರ ಮಾಡಿದ್ದು ನಿಲ್ಲುತ್ತದೋ ಬೀಳುತ್ತದೋ ಎಂಬುದು ವಸ್ತುವಿನವರ ತೀರ್ಮಾನ. ಕಥೆಯಲ್ಲಿ ನಿಂತದ್ದು ಮನೆಯಲ್ಲೂ ನಿಂತ ಹಾಗೆ, ಕಥೆಯಲ್ಲಿ ಬಿದ್ದದ್ದು ಮನೆಯಲ್ಲೂ ಬಿದ್ದ ಹಾಗೆ. ತಡೆಯಲಾರದೆ ಯಾರಾದರೂ ಬಾಯಿಬಿಟ್ಟು ಸ್ವಂತದ್ದನ್ನು ಹೇಳಿಕೊಂಡರೆ ಅಲ್ಲಿಗೆ ಅವರು ಸೋತರು.

ಪುರಾಣದ ಕಥೆಗಳು ಚಾವಡಿಗೆ ಆಗುವುದಿಲ್ಲ. ಅವುಗಳಲ್ಲಿ ಯಾರದು ಸರಿ ಎಂದು ಮೊದಲೇ ಗೊತ್ತಿರುತ್ತದೆ. ಹೊಸ ಕಾಲದ ಕಥೆ ಕಾದಂಬರಿಗಳೇ ಆಗಬೇಕು, ಬರೆದವರು ತೀರ್ಪು ಕೊಡದೆ ಎದ್ದುಹೋದಂಥವು. ಹಾಗಾಗಿ ನಮ್ಮೂರಿನ ಪುಸ್ತಕದಂಗಡಿಯಲ್ಲಿ ತರಕಾರಿ ಅಂಗಡಿಯಷ್ಟೇ ಚೌಕಾಸಿ ನಡೆಯುತ್ತದೆ. "ಸೊಸೆ ಒಳ್ಳೇವಳಾಗಿರೋ ಕಥೆ ಒಂದು ಕೊಡಪ್ಪ" ಎಂದು ಒಬ್ಬರು ಕೇಳುತ್ತಾರೆ. "ಇದೆ ತಾಯಿ, ಆದ್ರೆ ಕೊನೇಲಿ ಸಾಯ್ತಾಳೆ" ಎನ್ನುತ್ತಾನೆ ಅಂಗಡಿಯವನು. "ಸಾಯೋದು ಬೇಡ. ಬೇರೆ ಮನೆ ಮಾಡೋದಿಲ್ವಾ?" "ಮಾಡೋದಿದೆ. ಅದ್ರಲ್ಲಿ ಅತ್ತೆ ಭಾಳ ಒಳ್ಳೇವಳು, ನಿಮಗೆ ಆಗಲ್ಲ." ಈಚೆಗೆ ಮನೆಗಳ ಒಳಗೂ ಜನ ಹೀಗೇ ಮಾತಾಡಲು ಶುರುಮಾಡಿದ್ದಾರೆ. ನಮ್ಮ ಪಕ್ಕದ ಮನೆಯ ಪದ್ದಕ್ಕ ಗಂಡನಿಗೆ ಕೇಳುವ ಹಾಗೆ ಗೋಡೆಯ ಹತ್ತಿರ ನಿಂತು, "ಒಂದು ಕಾದಂಬರೀಲಿ ಒಬ್ಬ ಇದ್ದ ಜಲಜಾ, ಹುಟ್ಟಿದಾಗಿಂದ ಉಂಡ ತಟ್ಟೆ ಎತ್ತಿಟ್ಟವನಲ್ಲ, ಅವನ ಪಾತ್ರ ಹೇಗನ್ಸುತ್ತೆ ನಿನಗೆ?" ಎಂದು ಕೇಳುತ್ತಾಳೆ. ಒಳಗಿನಿಂದ ತಟ್ಟೆಯ ಸದ್ದಾಗುತ್ತದೆ.

ಸೂರಪ್ಪ ಮೇಷ್ಟ್ರು ನನ್ನ ಸಂಜೆ ತರಗತಿಯ ಗುರುಗಳು, ಚಾವಡಿಯಲ್ಲಿ ವಸ್ತು ನೋಡುವವರೂ ಅವರೇ. ಪಾತ್ರ ನೋಡುತ್ತಿದ್ದವರು ತೀರಿಕೊಂಡಾಗ ಆ ಕೆಲಸಕ್ಕೆ ನನ್ನನ್ನು ಕರೆದರು. ನನಗೆ ಯೋಗ್ಯತೆ ಇಲ್ಲವೆಂದು ಕೈಮುಗಿದೆ. "ಯೋಗ್ಯತೆ ಇದ್ದೋರೆಲ್ಲ ಬರಲ್ಲ ಅಂದ್ರು ಕಣಮ್ಮ, ನೀನು ಬಾ" ಎಂದರು. ತರಗತಿಯಲ್ಲಿ ಅವರು ಕಲಿಸಿದ್ದು ಒಂದೇ ಪಾಠ: ಪಾತ್ರ ಹೇಳಿದ್ದನ್ನು ನಂಬಬೇಡಿ, ಮಾಡಿದ್ದನ್ನು ನೋಡಿ, ಮಾಡದೆ ಬಿಟ್ಟದ್ದನ್ನು ಇನ್ನೂ ಹತ್ತಿರದಿಂದ ನೋಡಿ. ಆ ಪಾಠ ಹಿಡಿದುಕೊಂಡು ನಾನು ಕಂಡವರ ಸಂಕಟಗಳನ್ನೆಲ್ಲ ಅಚ್ಚಾದ ಕಾಗದದ ಮೇಲೆ ಓದುತ್ತ ಬಂದೆ. ಮನೆಗೆ ಹೋಗಿ ಮಲಗಿದರೆ ಯಾರದೋ ಮಲತಾಯಿ, ಯಾರದೋ ಪಾಲುದಾರ ತಲೆಯಲ್ಲಿ ಓಡಾಡುತ್ತಿದ್ದರು. ಮೇಷ್ಟ್ರಂತೂ ಸೋತುಹೋಗಿದ್ದರು. "ಎಲ್ಲ ಕಥೆಗೂ ವಸ್ತು ಒಂದೇ ಜಲಜಮ್ಮ, ಒಂಟಿತನ. ಮಿಕ್ಕಿದ್ದು ಅಡುಗೆಮನೆ ವಿವರ" ಎನ್ನುತ್ತಿದ್ದರು. ಆದರೂ ಭಾನುವಾರ ಬಂತೆಂದರೆ ಕನ್ನಡಕ ಒರೆಸಿಕೊಂಡು ಬಂದು ಕೂರುತ್ತಿದ್ದರು.

ದಾಕ್ಷಾಯಣಮ್ಮ ಹಳೇ ಕೆರೆಯ ಬೀದಿಯಲ್ಲಿ ರವಿಕೆ ಹೊಲಿಯುವವರು. ಗಂಡ ರೇಣುಕಪ್ಪ ಮದುವೆಯಾದ ಕೆಲವೇ ವರ್ಷಕ್ಕೆ ಬೇರೊಬ್ಬಳ ಜೊತೆ ಊರು ಬಿಟ್ಟಿದ್ದ. ಅವನ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡು ಮಣ್ಣು ಮಾಡಿದವರು ಈಕೆ. ತಲೆ ನೆರೆತ ಮೇಲೆ ರೇಣುಕಪ್ಪ ಒಂದು ದಿನ ಕೈಚೀಲ ಹಿಡಿದುಕೊಂಡು ಬಂದು ಬಾಗಿಲ ಮುಂದೆ ನಿಂತ. ಈಕೆ ಒಳಗಿನಿಂದ ಚಿಲಕ ಹಾಕಿದರು. ಅವನು ಬಸ್ ನಿಲ್ದಾಣದ ಹಿಂದಿನ ಛತ್ರದಲ್ಲಿ ಉಳಿದುಕೊಂಡು, ಮನೆ ನನ್ನ ತಾಯಿಯದು, ನನ್ನನ್ನು ಒಳಗೆ ಬಿಡಬೇಕು ಎಂದು ಚಾವಡಿಗೆ ಹೇಳಿಕಳಿಸಿದ. ಬಿಡಬೇಕೆಂದು ತೀರ್ಮಾನವಾದರೆ ಈಕೆ ಅವನ ಜೊತೆ ಬದುಕಬೇಕು, ಇಲ್ಲವೇ ಹೊಲಿಗೆ ಯಂತ್ರ ಹೊತ್ತುಕೊಂಡು ಬೀದಿಗೆ ಇಳಿಯಬೇಕು. ನಮ್ಮೂರಿನಲ್ಲಿ ಮೂರನೆಯ ದಾರಿ ಇರಲಿಲ್ಲ.

ಕಥೆಯ ಪ್ರತಿಯನ್ನು ಓದುವವರಿಗೆ ಮೊದಲೇ ತಲುಪಿಸುವುದು ಪದ್ಧತಿ. ದಾಕ್ಷಾಯಣಮ್ಮ ಊಟದ ಬಿಡುವಿನಲ್ಲಿ ಕಾರ್ಖಾನೆಗೇ ಬಂದರು. ಹಳೆಯ ಮಾಸಪತ್ರಿಕೆಯಿಂದ ಕಿತ್ತ ಹಾಳೆಗಳು. ಹೆಸರಿನ ಜಾಗ ಹರಿದುಹೋಗಿತ್ತು. "ಕೊನೇ ಸಾಲು ನೋಡಿ ಜಲಜಮ್ಮ" ಎಂದರು. ಕೊನೆಯ ಸಾಲಿನಲ್ಲಿ, 'ಅವಳು ಚಿಲಕ ಹಾಕಿದಳು' ಎಂದಿತ್ತು. ಅದನ್ನು ತೋರಿಸುವಾಗ ಅವರ ಮುಖದಲ್ಲಿ ಬಹಳ ಹುಡುಕಿ ಸರಿಯಾದ ಬಣ್ಣದ ದಾರ ಸಿಕ್ಕವರ ನೆಮ್ಮದಿ ಇತ್ತು.

ನಾನು ಅಲ್ಲೇ ಮೂಟೆಯ ಮೇಲೆ ಕೂತು ಓದಿದೆ. ಒಬ್ಬ ಹೆಂಗಸು, ಬಿಟ್ಟುಹೋದ ಗಂಡ. ಅವಳು ಹೂ ಕಟ್ಟಿ ಮಾರುತ್ತಾಳೆ. ಕಥೆಯ ಮುಕ್ಕಾಲುಪಾಲು ಅವಳ ದಿನಗಳೇ. ಗಂಡನ ಹೆಸರನ್ನು ಅವಳು ಎಲ್ಲಿಯೂ ಎತ್ತುವುದಿಲ್ಲ, ಅಳುವುದಿಲ್ಲ. ಆದರೆ ಗಂಡನ ಬಳಿ ಒಂದು ಕೀಲಿಕೈ ಉಳಿದಿದ್ದ ಬೀಗ ಸವೆದು ತಿರುಗದಂತಾದರೂ ಎಣ್ಣೆ ಬಿಟ್ಟು ಅದನ್ನೇ ಇಟ್ಟುಕೊಳ್ಳುತ್ತಾಳೆ, ಬದಲಾಯಿಸುವುದಿಲ್ಲ. ತನಗೆ ಖಾರ ಆಗದಿದ್ದರೂ ಮಜ್ಜಿಗೆ ಮೆಣಸಿನಕಾಯಿ ಒಣಗಿಸಿ ಡಬ್ಬಿ ತುಂಬುತ್ತಾಳೆ. ತವರಿನವರು ಕರೆದರೆ ಒಂದು ರಾತ್ರಿಯೂ ಉಳಿಯದೆ ವಾಪಸು ಬರುತ್ತಾಳೆ. ಓದಿ ಮುಗಿಸಿ ಮತ್ತೆ ಮೊದಲ ಹಾಳೆಗೆ ತಿರುಗಿದೆ. ಚಿಲಕ ಹಾಕಿದ್ದು ಒಂದೇ ಸಾಲು. ಅದಕ್ಕೆ ಮುಂಚಿನ ಪುಟಗಳಲ್ಲೆಲ್ಲ ಆ ಹೆಂಗಸು ಕಾಯುತ್ತಿದ್ದಳು.

"ಇದನ್ನ ಪೂರ್ತಿ ಓದಿದೀರಾ?" ಎಂದು ಕೇಳಿದೆ.

"ಬಾಯಿಪಾಠ ಬರುತ್ತೆ. ಅವಳು ಮಾಡೋದೆಲ್ಲ ಸರಿಯಾಗಿದೆ, ಒಂದೂ ಸುಳ್ಳಿಲ್ಲ" ಎಂದರು.

ಅವರಿಗೆ ಅದು ಕಂಡಿರಲಿಲ್ಲ. ಕಾಣುವುದು ಹೇಗೆ, ದಿನಾ ತಾವೇ ಮಾಡುವ ಕೆಲಸಗಳನ್ನು ಇನ್ನೊಬ್ಬಳು ಮಾಡಿದರೆ ಅದರಲ್ಲಿ ವಿಶೇಷವೇನು ಅನ್ನಿಸುತ್ತದೆ? ಪಾತ್ರ ನೋಡುವವರು ಮುಂಚೆ ಏನನ್ನೂ ಹೇಳಬಾರದು. ಹೇಳಿದರೆ ಆ ಕಥೆ ಕೆಟ್ಟಂತೆ, ಬೇರೆ ಕಥೆ ತರಲು ಅವಕಾಶವೂ ಇಲ್ಲ. "ಇನ್ನೊಂದು ಸಲ ನಿಧಾನಕ್ಕೆ ಓದಿ ಅಮ್ಮ" ಎಂದಷ್ಟೇ ಹೇಳಿದೆ. "ಹಬ್ಬದ ಹೊಲಿಗೆ ರಾಶಿ ಬಿದ್ದಿದೆ, ಇನ್ನೇನು ಓದೋದು" ಎಂದು ಹೊರಟುಹೋದರು.

ಮೇಷ್ಟ್ರ ಮನೆಗೆ ಹೋಗಿ, ಈ ಸಲ ಪಾತ್ರವನ್ನು ನೀವೇ ನೋಡಿ ಎಂದು ಬೇಡಿದೆ. ಅವರು ಹಾಳೆಗಳನ್ನು ಮಡಿಸಿ ಕೈಗೆ ಕೊಟ್ಟರು. "ನೀನು ಕಂಡದ್ದನ್ನ ಹೇಳದೇ ಹೋದ್ರೆ ರೇಣುಕಪ್ಪ ಹೇಳ್ತಾನೆ. ಅವನೂ ಈ ಊರಲ್ಲಿ ಓದಿ ಬೆಳೆದವನೇ. ಅವನು ಹೇಳೋಕಿಂತ ನೀನು ಹೇಳಿದ್ರೆ ಒಂದಿಷ್ಟು ಮರ್ಯಾದೆಯಿಂದ ಹೇಳ್ತೀಯ, ಅಷ್ಟೇ." ನಾನು ಇನ್ನೂ ನಿಂತೇ ಇದ್ದೆ. "ಹೋಗಮ್ಮ, ನನಗೂ ನಿದ್ದೆ ಬರಲ್ಲ ಹೀಗೆಲ್ಲ ಕೇಳಿದ್ರೆ" ಎಂದರು.

ಭಾನುವಾರ ಚಾವಡಿ ತುಂಬಿತ್ತು. ಪದ್ದಕ್ಕ ಮುಂದಿನ ಸಾಲಿನಲ್ಲಿ ಬೀನ್ಸ್ ಸೋಸುತ್ತ ಕೂತಿದ್ದಳು. ದಾಕ್ಷಾಯಣಮ್ಮ ಇಸ್ತ್ರಿ ಮಾಡಿದ ಬಿಳಿ ಅಂಚಿನ ಸೀರೆ ಉಟ್ಟು ಕಂಬದ ಪಕ್ಕ ಕೂತಿದ್ದರು. ರೇಣುಕಪ್ಪ ಎದುರಿನ ಬೆಂಚಿನ ತುದಿಯಲ್ಲಿದ್ದ. ನಾನು ಕಲ್ಪಿಸಿಕೊಂಡದ್ದಕ್ಕಿಂತ ಸಣ್ಣ ಮನುಷ್ಯ. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು. ಬಂದವರು ನೋಡಿದರೆ ನೋಡಲಿ ಎಂಬಂತೆ ಕೂತಿದ್ದ.

ಕಥೆಯನ್ನು ನಾನೇ ಗಟ್ಟಿಯಾಗಿ ಓದಿದೆ. ಮೆಣಸಿನಕಾಯಿಯ ಜಾಗ ಬಂದಾಗ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ. ಮೇಷ್ಟ್ರು ವಸ್ತು ಹೇಳಿದರು. "ಇದು ಗಂಡನ ಕಥೆಯೂ ಅಲ್ಲ, ಬಾಗಿಲಿನ ಕಥೆಯೂ ಅಲ್ಲ. ಅಭ್ಯಾಸದ ಕಥೆ. ಮನುಷ್ಯರು ಒಂದನ್ನ ಯಾಕೆ ಶುರು ಮಾಡಿದ್ವಿ ಅಂತ ಮರೆತ ಮೇಲೂ ಮಾಡ್ತಾನೇ ಇರ್ತಾರೆ, ಅದ್ರ ಕಥೆ." ಅವರು ದಾಕ್ಷಾಯಣಮ್ಮನಿಗಾಗಿ ಒಂದು ಕಿಟಕಿ ತೆರೆದಿಡಲು ನೋಡುತ್ತಿದ್ದಾರೆಂದು ನನಗೆ ಅರ್ಥವಾಯಿತು.

ರೇಣುಕಪ್ಪ ಎದ್ದು ನಿಂತ. ಅವನ ದನಿ ಮೆತ್ತಗಿತ್ತು. "ಪಾತ್ರದ ಬಗ್ಗೆ ಕೇಳ್ಬೋದಾ?"

"ಕೇಳಿ" ಎಂದೆ.

"ಆ ಹೆಂಗಸು ಬೀಗ ಯಾಕೆ ಬದಲಾಯಿಸ್ಲಿಲ್ಲ? ಹಳೇ ಕೀಲಿಕೈ ಇನ್ನೊಬ್ರ ಹತ್ರ ಇದೆ ಅಂತ ಗೊತ್ತಿದ್ದೂ?"

ಚಾವಡಿ ನನ್ನ ಕಡೆ ತಿರುಗಿತು. ಅಭ್ಯಾಸ ಎಂದು ಹೇಳಿ ಮೇಷ್ಟ್ರು ತೆರೆದ ಕಿಟಕಿಯಿಂದ ದಾಟಿಬಿಡಬಹುದಿತ್ತು. ಆದರೆ ಅಭ್ಯಾಸವಾಗಿದ್ದರೆ ಎಣ್ಣೆ ಬಿಡುತ್ತಿರಲಿಲ್ಲ. ಬೀಗ ಕೆಟ್ಟಾಗ ಹೊಸದು ತರುವುದೇ ಅಭ್ಯಾಸ. "ಆ ಕೀಲಿಕೈ ಕೆಲಸಕ್ಕೆ ಬರ್ಲಿ ಅಂತ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಮೇಷ್ಟ್ರು "ಗಟ್ಟಿಯಾಗಿ ಹೇಳು" ಎಂದರು. ಮತ್ತೆ ಹೇಳಿದೆ.

"ಮೆಣಸಿನಕಾಯಿ?"

"ಅವಳಿಗಲ್ಲ."

"ಹಂಗಾದ್ರೆ ಕಾಯ್ತಿದ್ಲು ಅನ್ನಿ."

"ಕಾಯ್ತಿದ್ದಳು" ಎಂದೆ. ಆಮೇಲೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತನ್ನೂ ಸೇರಿಸಿದೆ. "ಆದ್ರೆ ಅವಳು ಬಾಯಲ್ಲಿ ಒಂದು ಸಲವೂ ಹಾಗೆ ಹೇಳಿಲ್ಲ. ಬಂದ ಗಂಡಸಿನ ಬಗ್ಗೆ ಕಥೇಲಿ ಇರೋದು ನಾಲ್ಕೇ ಮಾತು. ಅವನು ಎಲ್ಲಿದ್ದ, ಯಾಕೆ ಬಂದ, ಏನೂ ಇಲ್ಲ. ಕೆಮ್ಮಿದ, ಒಳಗೆ ಬರ್ಲಾ ಅಂದ, ಅಷ್ಟೇ. ಇಷ್ಟರಲ್ಲಿ ಅವನ ಪಾತ್ರ ಹೀಗೇ ಅಂತ ಹೇಳೋಕಾಗಲ್ಲ."

"ಬರ್ಲಾ ಅಂತ ಕೇಳಿದ. ನುಗ್ಲಿಲ್ಲ" ಎಂದ ರೇಣುಕಪ್ಪ.

"ನುಗ್ಗಲಿಲ್ಲ" ಎಂದು ಒಪ್ಪಿಕೊಂಡೆ.

ಹಿಂದಿನಿಂದ ಒಬ್ಬರು, "ಅಷ್ಟು ವರ್ಷ ಕಾದವಳು ಬಂದ ಗಳಿಗೇಲಿ ಚಿಲಕ ಹಾಕಿದ್ರೆ ಅದು ಹಟ ಕಣ್ರೀ. ಹಟ ಎಷ್ಟು ದಿನ ನಿಲ್ಲುತ್ತೆ" ಎಂದರು. ಪದ್ದಕ್ಕ, "ನಿನ್ನ ಹೆಂಡ್ತಿನ ಕೇಳು, ಹೇಳ್ತಾಳೆ" ಎಂದಳು. ಒಂದಿಬ್ಬರು ನಕ್ಕರು. ಆದರೆ ತಲೆಗಳು ರೇಣುಕಪ್ಪನ ಕಡೆ ಆಡುತ್ತಿದ್ದವು. ಮೇಷ್ಟ್ರು ಕನ್ನಡಕ ತೆಗೆದು ಮೂಗನ್ನು ಒತ್ತಿಕೊಂಡರು. ತೀರ್ಮಾನ ಹೇಳುವ ಮೊದಲು ಅವರು ಹಾಗೆ ಮಾಡುವುದು. ಚಿಲಕ ಬೀಳುತ್ತದೆಂದು ನನಗೆ ಗೊತ್ತಾಯಿತು. ದಾಕ್ಷಾಯಣಮ್ಮನಿಗೂ ಗೊತ್ತಾಗಿರಬೇಕು.

ಅವರು ಎದ್ದರು. ಎದ್ದವರು ಕಥೆಯೊಳಗಿನಿಂದ ಏನಾದರೂ ಕೇಳುತ್ತಾರೆಂದು ಎಲ್ಲರೂ ಅಂದುಕೊಂಡೆವು.

"ಕಾದೆ" ಎಂದರು. "ಸುಳ್ಳು ಯಾಕೆ ಹೇಳ್ಲಿ. ಬೀಗಕ್ಕೆ ಎಣ್ಣೆ ಹಾಕಿದ್ದು ನಾನೇ. ನಿಮ್ಮಮ್ಮ ಬೇಡ ಬಿಡು ಅಂದ್ರೂ ಹಾಕಿದೆ. ಆದ್ರೆ ನೀವು ಬರ್ಲಿ, ಬಂದು ಕೂರ್ಲಿ ಅಂತ ಅಲ್ಲ. ನನಗೆ ಬೈಬೇಕಿತ್ತು. ನೀವು ಬಂದ್ರೆ ಏನೇನು ಬೈಬೇಕು ಅಂತ ದಿನಾ ಮಿಷನ್ ತುಳೀತಾ ಜೋಡಿಸ್ಕೊತಿದ್ದೆ. ಒಂದೊಂದ್ ಮಾತೂ ತಿದ್ದಿ ತೀಡಿ ಇಟ್ಕೊಂಡಿದ್ದೆ. ಅವತ್ತು ಬಾಗ್ಲಲ್ಲಿ ನೋಡ್ತೀನಿ, ನೀವು ನಿಂತಿದೀರಿ, ನನ್ನ ಬಾಯಲ್ಲಿ ಒಂದು ಮಾತೂ ಇಲ್ಲ. ಎಲ್ಲಿ ಹೋದ್ವೋ. ಹುಡುಕಿದ್ರೂ ಸಿಟ್ಟು ಸಿಗ್ಲಿಲ್ಲ. ಬೈಯೋಕೂ ಬೇಡವಾದ ಮನುಷ್ಯನಿಗೆ ಎದುರು ಕೂತು ಅನ್ನ ಹೇಗೆ ಬಡಿಸ್ಲಿ? ಅದಕ್ಕೆ ಹಾಕಿದೆ ಚಿಲಕ."

ದನಿ ಏರಿಸಿರಲಿಲ್ಲ. ಅಳತೆ ಹೇಳುವವರ ಹಾಗೆ ಹೇಳಿ ಕೂತರು. ನಾನು ಚಾವಡಿಗೆ ಬರತೊಡಗಿದ ಮೇಲೆ ಅಲ್ಲಿ ಯಾರೂ ಅಷ್ಟು ಸ್ವಂತ ಮಾತು ಆಡಿದ್ದನ್ನು ಕೇಳಿರಲಿಲ್ಲ. ಪದ್ದಕ್ಕ ಬೀನ್ಸ್ ಸೋಸುವುದನ್ನು ನಿಲ್ಲಿಸಿದ್ದಳು. ಕೆಲವರು ನೆಲ ನೋಡುತ್ತಿದ್ದರು, ಯಾರದೋ ಸೀರೆ ಜಾರಿದಾಗ ನೋಡುವ ಹಾಗೆ. ದಾಕ್ಷಾಯಣಮ್ಮ ಸೋತಿದ್ದರು. ಒಂದೇ ಒಂದು ಶಾಸ್ತ್ರ ಬಾಕಿ ಇತ್ತು. ಸ್ವಂತ ಮಾತು ಆಡಿದರು ಎಂದು ಎದುರಿನವರು ಬಾಯಿಬಿಟ್ಟು ಹೇಳಬೇಕು. ಯಾವಾಗಲೂ ಹೇಳುತ್ತಾರೆ. ಕೆಲವರಂತೂ ಕೇಳುವ ಮೊದಲೇ ಎದ್ದು ನಿಂತಿರುತ್ತಾರೆ.

ಮೇಷ್ಟ್ರು ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದರು. ಆಮೇಲೆ, "ರೇಣುಕಪ್ಪನವರೇ, ಈಗ ಇಲ್ಲಿ ಯಾರಾದ್ರೂ ಏನಾದ್ರೂ ಅಂದಿದ್ದು ನಿಮಗೆ ಕೇಳಿಸ್ತಾ?" ಎಂದರು.

ರೇಣುಕಪ್ಪ ಕೂತಲ್ಲೇ ಕೂತಿದ್ದ. ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದ. ಹೆಂಡತಿಯ ಕಡೆ ನೋಡಲಿಲ್ಲ. ಕಿಟಕಿಯ ಆಚೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು, ಅದರ ಕಡೆ ಒಮ್ಮೆ ನೋಡಿದ.

"ಇಲ್ಲ" ಎಂದ.

"ಸರಿಯಾಗಿ ಯೋಚಿಸಿ ಹೇಳಿ."

"ಏನೂ ಕೇಳಿಸ್ಲಿಲ್ಲ ಮೇಷ್ಟ್ರೇ."

"ಪಾತ್ರದ ಬಗ್ಗೆ ಮತ್ತೇನಾದ್ರೂ ಕೇಳೋದಿದೆಯಾ?"

"ಇಲ್ಲ. ಸಾಕು."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ಎದುರಿನವರು ಪ್ರಶ್ನೆ ಬಿಟ್ಟರು. ಹಾಗಾಗಿ ಕಥೆಯ ಕೊನೇ ಸಾಲು ಹೇಗಿದೆಯೋ ಹಾಗೇ ನಿಲ್ಲುತ್ತೆ" ಎಂದರು. ಜನ ಚಪ್ಪಲಿ ಹುಡುಕುತ್ತ ಎದ್ದರು. ರೇಣುಕಪ್ಪ ಎಲ್ಲರಿಗಿಂತ ಮೊದಲು ಹೊರಗೆ ಹೋದ. ಮಾರನೆಯ ದಿನ ಛತ್ರದಲ್ಲಿ ಅವನಿರಲಿಲ್ಲ.

ಊರು ಆಮೇಲೆ ಈ ವಿಷಯವನ್ನು ಬಹಳ ದಿನ ಅಗಿಯಿತು. ಅವನಿಗೆ ಬೇರೆ ಕಡೆ ಆಸರೆ ಸಿಕ್ಕಿತ್ತು, ಅದಕ್ಕೇ ಬಿಟ್ಟುಕೊಟ್ಟ ಎಂದರು ಕೆಲವರು. "ಬೈಯದಿರೋ ಹೆಂಡ್ತಿ ಜೊತೆ ಇರೋದು ಯಾವ ಗಂಡಸಿಗೂ ಭಯವೇ" ಎಂದಳು ಪದ್ದಕ್ಕ. ಒಂದು ಸಂಜೆ ತರಗತಿಯಲ್ಲಿ ಮೇಷ್ಟ್ರು ಇಲ್ಲದಾಗ ಹೊಸ ವಿದ್ಯಾರ್ಥಿಗಳು, ನೀವು ಅವನ ಪಾತ್ರವನ್ನು ಹೇಗೆ ವಿಶ್ಲೇಷಿಸುತ್ತೀರಿ ಎಂದು ನನ್ನನ್ನು ಕೇಳಿದರು. ನಾಚಿಕೆ, ಕರುಣೆ, ದಣಿವು ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಬರೆದದ್ದನ್ನು ನೋಡಿದರೆ ಯಾವ ಮನುಷ್ಯನ ಪಕ್ಕದಲ್ಲೂ ಬರೆಯಬಹುದಾದ ಮಾತುಗಳು ಅನ್ನಿಸಿತು. ಒರೆಸಿದೆ.

ಆಮೇಲೆ ದಾಕ್ಷಾಯಣಮ್ಮನ ಮನೆಗೆ ರವಿಕೆ ಬಟ್ಟೆ ಕೊಡಲು ಹೋದೆ. ಕೋಪಿಸಿಕೊಂಡಿರುತ್ತಾರೆಂದು ಹೆದರಿ ಬೀದಿಯ ತುದಿಯಿಂದ ಎರಡು ಸಲ ವಾಪಸು ಬಂದಿದ್ದೆ. ಅವರು ಚಾಪೆ ಹಾಸಿ ಕೂರಿಸಿದರು. ಅಳತೆ ತೆಗೆದುಕೊಂಡರು. ತೋಳು ಅಳೆಯುವಾಗ ಟೇಪನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು.

"ಜಲಜಮ್ಮ, ನಿಮ್ಮದು ಪಾತ್ರ ನೋಡೋ ಕೆಲಸ ಅಲ್ವಾ. ಒಂದು ಕೇಳ್ತೀನಿ."

"ಕೇಳಿ ಅಮ್ಮ."

"ಅಷ್ಟು ವರ್ಷಕ್ಕೆ ಒಂದು ಸಲ ಬಾಯಿಬಿಟ್ಟೆ. ಬಾಯಿಬಿಟ್ಟಿದ್ದು ಅವ್ರಿಗೇ ಹೊರತು ಊರಿಗಲ್ಲ. ಕೇಳಿಸಿಯೂ ಕೇಳಿಸ್ಲಿಲ್ಲ ಅಂತ ಹೇಳಿದ್ರೆ ಅದು ಒಂದು ಥರ. ನಿಜವಾಗ್ಲೂ ಕೇಳಿಸಿರ್ಲಿಲ್ಲ ಅಂದ್ರೆ, ನಾನು ಹೇಳಿದ್ದು ಎಲ್ಲಿಗೆ ಹೋಯ್ತು? ಮನೆ ಉಳೀತು, ಅದು ಸರಿ. ಆದ್ರೆ ಅವ್ರಿಗೆ ಕೇಳಿಸ್ತಾ?"

ಅವನು ಕೂತಿದ್ದ ಬೆಂಚು ಅವರಿಂದ ನಾಲ್ಕು ಮಾರು ದೂರವಿತ್ತು. ಕೇಳಿಸುವಷ್ಟು ಹತ್ತಿರವೇ. ಆದರೆ ಎದುರು ಕೂತಿದ್ದೂ ಒಂದಕ್ಷರ ಕೇಳಿಸಿಕೊಳ್ಳದ ಗಂಡಸರನ್ನು ನಾನು ಆ ಚಾವಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಅಂಗೈಗಳು ನೆನಪಾದವು, ಮುಖ ನೆನಪಾಗಲಿಲ್ಲ. ಕೇಳಿಸಿತು ಎಂದು ಹೇಳಿಬಿಟ್ಟರೆ ಆಕೆಗೆ ನಿದ್ದೆ ಬರಬಹುದು ಎಂದು ಅನ್ನಿಸಿತು. ಹೇಳಲು ಬಾಯಿ ತೆರೆದೆ ಕೂಡ.

"ಗೊತ್ತಿಲ್ಲ ಅಮ್ಮ" ಎಂದೆ. ಈಗಲೂ ನನಗೆ ಗೊತ್ತಿಲ್ಲ.